ಮಿಲ್ಲು ನಿಲ್ಲಿಸಿ ಕೇಳಿಸಿದ ಹಾಡು

ಬೆಲ್ಟು ಪಟಪಟ ಬಡಿದುಕೊಂಡು ಹಿಟ್ಟಿನ ಮಿಲ್ಲು ನರಳುತ್ತ ನಿಲ್ಲುವ ಸದ್ದು. ತಿ. ನರಸೀಪುರದ ನಮ್ಮ ಬೀದಿಯಲ್ಲಿ ಅದಕ್ಕೆ ಒಂದೇ ಅರ್ಥ: ಮಿಲ್ಲಿನ ನಂಜಪ್ಪನವರ ರೇಡಿಯೋದಲ್ಲಿ ಅವರು ಹಿಂದೆಂದೂ ಕೇಳದ ಹಾಡು ಬಂದಿದೆ.

ಹಿಟ್ಟು ಮೆತ್ತಿದ ಹುಬ್ಬು, ಮೇಲೆತ್ತಿದ ಒಂದು ಬೆರಳು. ಹಾಡು ಮುಗಿದು, ಹಾಡಿದವರ ಹೆಸರು ಹೇಳುವ ತನಕ ಯಾರೂ ಬಾಯಿಬಿಡುವಂತಿಲ್ಲ. ಹೆಮ್ಮಿಗೆಯಿಂದ ರಾಗಿ ತರುವ ಚಿಕ್ಕತಾಯಿ ಮಾತ್ರ ಬಿಡುತ್ತಿರಲಿಲ್ಲ.

“ಸುರು ಮಾಡಣ್ಣೋ, ಬಸ್ಸು ಓಯ್ತದೆ! ನಿನ್ ಆಡ್ನೇ ತಟ್ಟೆಗಾಕಿ ಗಂಡಂಗೆ ಉಣ್ಣಕ್ಕಿಕ್ಲಾ?”

“ಬಸ್ಸು ನಾಳೀಕೂ ಬತ್ತದೆ ಕಣಮ್ಮಿ. ಈ ಆಡು ಬತ್ತದಾ?”

ಕಾನ್ವೆಂಟಿನಲ್ಲಿ ನಾನು ಕಲಿತದ್ದು ಪಿಯಾನೋ. ನನ್ನ ಟೇಸ್ಟು ಅಲ್ಲಿಗೇ ನಿಂತಿತ್ತು. ತತ್ವಪದ, ಶಹನಾಯಿ, ಬಂಗಾಳದ ದೋಣಿಯವರ ಹಾಡು ಎಲ್ಲ ಸಿಕ್ಕಿದ್ದು ಈ ಮಿಲ್ಲಿನಲ್ಲಿ, ಗೋಧಿ ಡಬ್ಬ ಹಿಡಿದು ನಿಂತಾಗ. ಮೊಮ್ಮಗಳು ನನ್ನ ಫೋನಿಗೆ ಹಾಕಿಕೊಟ್ಟ ಹಾಡಿನ ಆಪ್ ತುಂಬಾ ಪೊಲೈಟು. ನಿನ್ನೆ ಇಷ್ಟಪಟ್ಟ ಹಾಡಿನ ನೆಂಟರನ್ನೇ ಇವತ್ತೂ ಕರೆತರುತ್ತದೆ. ನಂಜಪ್ಪನವರ ಸರ್ಕಾರಿ ರೇಡಿಯೋ ಅಪರಿಚಿತರನ್ನು ಕರೆತರುತ್ತಿತ್ತು.

ಮಿಲ್ಲಿನ ಗದ್ದಲಕ್ಕೇ ಅವರ ಕಿವಿ ಹೋಯಿತು. ಬಹಳ ಕಾಲ ರೇಡಿಯೋ ಮುಟ್ಟಲಿಲ್ಲ. ಆಮೇಲೆ ಅವರ ಮಗಳು ಮೈಸೂರಿನಲ್ಲಿ ಹಿಯರಿಂಗ್ ಏಡ್ ಕೊಡಿಸಿ, ಫೋನಿನ ರೇಡಿಯೋ ಆಪ್‌ಗೆ ಬ್ಲೂಟೂತಿನಲ್ಲಿ ಜೋಡಿಸಿದಳು. ದೇಶದ ಸ್ಟೇಷನ್ನುಗಳೆಲ್ಲ ನೇರ ಕಿವಿಯೊಳಕ್ಕೆ!

“ಮೇಡಮ್ಮೋರೇ, ಇವತ್ತು ಅಸ್ಸಾಮ್‌ಗೋಗಿದ್ದೆ. ಏನ್ ಡೋಲು ಅಂತೀರಿ!”

ಆದರೆ ಮಿಲ್ಲು ನಿಲ್ಲುವುದು ತಪ್ಪಿಹೋಯಿತು. ಕಿವಿಯೊಳಗೇ ಹಾಡಿರುವಾಗ ನಿಲ್ಲಿಸುವುದೇಕೆ? ಅವರೊಬ್ಬರೇ ತಲೆದೂಗುತ್ತಿದ್ದರು. ಚಿಕ್ಕತಾಯಿಗೆ ಬಸ್ಸು ಸಿಗುತ್ತಿತ್ತು; ಅವಳೇಕೋ ಸಪ್ಪಗಿರುತ್ತಿದ್ದಳು. ಒಂದು ದಿನ ನಾನೇ ಕೂಗಿ ಕೇಳಿದೆ, “ನಮಗೇನೂ ಇಲ್ಲವಾ ನಂಜಪ್ಪನವರೇ?”

“ಕಿವಿಯಿಂದ ಈಚೆಗೆ ಬಿಟ್ರೆ ನಂಗೆ ಬರೀ ಗುಯ್ ಅಂತದೆ ಕಣ್ರವ್ವಾ. ಕಿವಿಗೇ ಬಂದ್ರೇನೇ ಆಡು.”

ನಾನು ಹಿಟ್ಟು ಹೊತ್ತು ಬಂದೆ.

ಅವರನ್ನು ಕೊನೆಯ ಬಾರಿ ಕಂಡದ್ದು ನಾನು ನಂಜನಗೂಡಿನ ತಂಗಿಯ ಮನೆಗೆ ಖಾಯಮ್ಮಾಗಿ ಹೊರಡುವ ಮುನ್ನಾದಿನ. ಚಿಕ್ಕತಾಯಿಯ ರಾಗಿ ಇನ್ನೂ ಅರ್ಧವಷ್ಟೇ ಬೀಸಿಯಾಗಿತ್ತು. ಬೆಲ್ಟು ಪಟಪಟ ಬಡಿದುಕೊಂಡಿತು. ಮಿಲ್ಲು ನಿಂತಿತು.

ನಂಜಪ್ಪನವರು ಫೋನಿನಲ್ಲಿ ಏನೋ ಒತ್ತಿದರು. ಹಾಡು ಅವರ ಕಿವಿ ಬಿಟ್ಟು ಹೊರಗೆ ಬಂತು; ಯಾವುದೋ ಬೆಟ್ಟದೂರಿನ ಹೆಂಗಸರ ದನಿ. ದೊಡ್ಡದಾಗಿ ಕೇಳಲೆಂದು ಫೋನನ್ನು ಖಾಲಿ ತಗಡಿನ ಡಬ್ಬದೊಳಗಿಟ್ಟು, ಬೆರಳೆತ್ತಿದರು. ಚಿಕ್ಕತಾಯಿ ಬಸ್ಸಿನ ಮಾತೆತ್ತಲಿಲ್ಲ.

ಅವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಅವಳ ಪಾದ ನೆಲದ ಹಿಟ್ಟಿನ ಮೇಲೆ ಮೆಲ್ಲಗೆ ತಾಳ ಹಾಕುವುದನ್ನು ಕಂಡು, ಅದೇ ತಾಳಕ್ಕೆ ತಲೆದೂಗತೊಡಗಿದರು.