ಕೆಂಪು ಬೊಟ್ಟಿನ ಕಪ್ಪು-ಬಸಿ

ಪಕ್ಕದ ಲಾತೂರಿಗೆ ರೈಲಿನಾಗ ನೀರು ತಂದು ಸುರಿದ್ರಲ್ಲ, ಆ ಬ್ಯಾಸಗಿ ಮಾತಿದು. ೨೦೧೬. ನಮ್ಮ ಬೀದರದಾಗೂ ಟ್ಯಾಂಕರ್ ಬಂತು ಅಂದ್ರ ಹೆಂಗಸರು ಕೊಡ ಹಿಡ್ಕೊಂಡು ಯುದ್ಧಕ್ಕ ಹೋದಂಗ ಓಡ್ತಿದ್ವಿ. ಔರಾದ, ಭಾಲ್ಕಿ ಕಡಿ ಮಂದಿ ಗಂಟು ಕಟ್ಕೊಂಡು ಪುಣೆ, ಹೈದರಾಬಾದ ಬಸ್ ಹತ್ತಿದ್ರು. ನನ್ನ ಗಂಡನೂ ಪುಣೆಗೆ ಕಟ್ಟಡದ ಕೆಲಸಕ್ಕ ಹೋಗಿದ್ದ. ಬೀದರದ ಬಾಡಿಗಿ ಮನ್ಯಾಗ ಉಳಿದವ್ರು ನಾನು, ನನ್ನ ಅಪ್ಪ, ಆಗಷ್ಟೇ ಒಂಬತ್ತನೇತ್ತೆ ಪಾಸಾಗಿದ್ದ ನನ್ನ ಮಗಳು.

"ಇಲ್ಲೇ ಖೋಲಿ ನೋಡೀನಿ, ಮೂವರೂ ಬಂದುಬಿಡ್ರಿ" ಅಂತ ಗಂಡ ದಿನಾ ಫೋನ್ ಮಾಡ್ತಿದ್ದ. ಹೋದ್ರ ಮಗಳ ಸಾಲಿ ಅಲ್ಲಿಗೇ ಮುಗೀತಿತ್ತು. ಪುಣೆದಾಗ ಕನ್ನಡ ಸಾಲಿ ಎಲ್ಲಂತ ಹುಡುಕೋದು? ಹತ್ತನೇತ್ತೆ ಒಂದು ಮುಗೀಲಿ ಅಂತ ನಾನು ಹಟ ಹಿಡಿದೆ. ಹಟ ಹಿಡಿಯೋದು ಸುಲಭ, ಮನಿ ಬಾಡಿಗಿ ಕಟ್ಟೋರು ಯಾರು? ಅದಕ್ಕ ಹಳೇ ಚೀನಿ ಸಾಮಾನು, ಅಂದ್ರ ಪಿಂಗಾಣಿ, ಮಾರೋ ಧಂದೆಕ್ಕ ಇಳಿದೆ.

ನಗಬ್ಯಾಡ್ರಿ. ನಮ್ಮ ಕಡಿ ಗುಜರಿಗೆ ಭಂಗಾರ ಅಂತಾರ. ಊರು ಬಿಟ್ಟು ಹೋಗೋರು ಹೊರಲಾರದ ಸಾಮಾನೆಲ್ಲ ಭಾಲ್ಕಿದಾಗ ಒಬ್ಬ ಚಾಚಾನ ಭಂಗಾರ ಅಂಗಡಿಗೆ ಬಂದು ಬೀಳ್ತಿತ್ತು. ಕಬ್ಬಿಣಕ್ಕ, ಹಿತ್ತಾಳಿಗೆ ಗಿರಾಕಿ ಇದ್ರು. ಉಪ್ಪಿನಕಾಯಿ ಭರಣಿ, ಹೂವಿನ ಚಿತ್ರದ ತಾಟು, ಚಾದ ಕಪ್ಪು-ಬಸಿ ಯಾರಿಗೆ ಬೇಕು? ನಾನು ಅವನ್ನ ಆರಿಸಿ ತಂದು, ತೊಳೆದು, ಫೋಟೋ ಹೊಡೆದು ಫೋನಿನಾಗ ಮಾರಾಟಕ್ಕ ಹಾಕ್ತಿದ್ದೆ. ಮೊದಲು ಮಗುಚಿ ತಳ ನೋಡಬೇಕು, ಕಂಪನಿ ಮುದ್ರಿ ಅಲ್ಲಿರ್ತದ. ಉಗುರಿನಿಂದ ಹೊಡೆದ್ರ ಟಣ್ ಅನ್ನಬೇಕು. ಥಪ್ ಅಂದ್ರ ಎಲ್ಲೋ ಬಿರುಕು ಬಿಟ್ಟದ. ಬಿಸಿಲಿಗೆ ಹಿಡಿದಾಗ ಹಿಂದಿನ ಬೆರಳಿನ ನೆರಳು ಕಂಡ್ರ ಮಾಲು ಛಲೋ. ಇನ್ನ ಕಿಮ್ಮತ್ತು ಕಟ್ಟುವಾಗ ಮಂದಿ ಎಷ್ಟು ಕೇಳ್ಯಾರ ಅಂತ ನೋಡಬಾರದು, ಎಷ್ಟಕ್ಕ ಹೋಗ್ಯದ ಅಂತ ನೋಡಬೇಕು. ಇದೆಲ್ಲ ವಿಡಿಯೋ ನೋಡಿ, ಮೋಸ ಹೋಗಿ, ಬೈಸ್ಕೊಂಡು ಕಲಿತದ್ದು. ಓಣಿಯವರು "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ" ಅಂತ ಆಡ್ಕೊಂತಿದ್ರು. ಆಡ್ಕೊಳ್ಳಲಿ, ಅವರ ಗಂಟೇನು ಹೋಗ್ತದ!

ಒಂದಿನ ಚಾಚಾನ ಫೋನ್ ಬಂತು. "ಬೇಟಿ, ಔರಾದ ಕಡೀದೊಂದು ಹಳೇ ಚಾದ ಹೋಟೆಲ್ ನೀರಿಲ್ದ ಬಂದ್ ಆಗ್ಯದ. ಕಪ್ಪು-ಬಸಿ ಭಾಳ ಬಂದಾವ. ಜಲ್ದಿ ಬಾ."

ಹೋದೆ. ದಪ್ಪನ ಬಿಳೀ ಕಪ್ಪು, ಹಳೇ ಕಾಲದವು. ಅದ್ರಾಗ ಕೆಲವಕ್ಕ ಮಾತ್ರ ಹಿಡಿ ಕೆಳಗ ಕೆಂಪು ಎಣ್ಣಿಬಣ್ಣದ ಬೊಟ್ಟು. ಬಸಿ ತಳಕ್ಕೂ ಅಂಥದ್ದೇ ಬೊಟ್ಟು. ಕಂಪನಿ ಮುದ್ರಿ ಅಲ್ಲ, ಯಾರೋ ಕೈಲೆ ಇಟ್ಟದ್ದು. ಚಾಚಾನ ಕೇಳಿದ್ರ "ಹೋಟೆಲಿನ ನಿಶಾನಿ ಇರಬೇಕು ಬೇಟಿ, ನಾ ಏನು ಬಲ್ಲೆ" ಅಂದ. ಎಲ್ಲಾ ತಂದು ಫೋಟೋ ಹಾಕಿದೆ.

ಮರುದಿನ ಬೆಂಗಳೂರಿನಿಂದ ಒಬ್ಬ ಮೇಡಂ ಫೋನ್ ಮಾಡಿದ್ರು. ಹಳೇ ಸಾಮಾನು ಕೂಡಿಡೋ ಹವ್ಯಾಸ ಅವರಿಗೆ. "ಕೆಂಪು ಗುರುತಿರೋದು ಮಾತ್ರ ನಂಗೆ ಬೇಕು. ಆ ಗುರುತು ಯಾಕೆ ಹಾಕ್ತಿದ್ರು ಅಂತ ಗೊತ್ತಾ?"

ನನ್ನ ಬಾಯಿ ಸುಮ್ನಿರಬೇಕಲ್ಲ! "ದೊಡ್ಡ ಮಂದಿಗಿ ಬ್ಯಾರೆ ಇಡ್ತಿದ್ರು ಮೇಡಂ. ಸಾವ್ಕಾರ್ರಿಗಿ, ತಹಸೀಲ್ದಾರ್ರಿಗಿ" ಅಂದೆ.

"ಸರಿಯಾಗಿ ವಿಚಾರಿಸಿ ಹೇಳಿ. ಕಥೆ ಗೊತ್ತಿರೋ ವಸ್ತುವಿಗೆ ಬೆಲೆನೇ ಬೇರೆ" ಅಂದ್ರು.

ಅಪ್ಪ ಹುಟ್ಟಿ ಬೆಳೆದದ್ದು ಔರಾದ ಕಡೀನೇ, ಸಂತಪುರದ ಹತ್ರ. ಅವನಿಗೆ ಗೊತ್ತಿರಬಹುದು ಅಂತ ಬೊಟ್ಟಿನ ಕಪ್ಪಿನ್ಯಾಗೇ ಚಾ ಹಾಕಿ ಕೊಟ್ಟೆ. "ತಗೋರಿ ತಹಸೀಲ್ದಾರ್ ಸಾಹೇಬ್ರ" ಅಂತ ಚಾಷ್ಟಿ ಬ್ಯಾರೆ ಮಾಡಿದೆ. ಅಪ್ಪ ನಗ್ತಾನೇ ಇಸ್ಕೊಂಡ. ಅವನ ಹೆಬ್ಬೆರಳು ಆ ಬೊಟ್ಟಿನ ಮ್ಯಾಲೆ ಹೋಗಿ ನಿಂತಿತು. ನಗು ಆರಿತು. ಎದ್ದ, ಹೊಸ್ತಿಲ ದಾಟಿದ, ಹೊರಗ ಬಿಸಿಲಾಗ ಕುಕ್ಕರಗಾಲಿಲೆ ಕುಂತು ಚಾ ಕುಡಿದ. ಆಮ್ಯಾಲ ಚೂರು ನೀರು ಹಾಕಿ ಕಪ್ಪು ತಾನೇ ತೊಳೆದು ಗೋಡಿ ಬದಿಗೆ ಬೋರಲು ಹಾಕಿದ.

"ಯಾಕಪ್ಪಾ, ಹೊರಗ ಯಾಕ ಕುಂತಿ?"

"ಇದು ನಮ್ದು" ಅಂದ.

ನನಗ ಖುಷಿನೇ ಆಯ್ತು ನೋಡ್ರಿ, ನನ್ನ ಬುದ್ಧಿಗೆ ಮಣ್ಣು ಹಾಕ! "ನಮ್ದಾ? ನಮ್ಮ ಮನ್ಯಾಗ ಇದ್ವಾ? ಹೋಟೆಲಿಗೆ ಹ್ಯಾಂಗ ಹೋದ್ವು?"

"ಮನ್ಯಾಗ ಅಲ್ಲವ್ವಾ. ಹೋಟೆಲಿನಾಗೇ ನಮ್ವು ಬ್ಯಾರೆ ಇರ್ತಿದ್ವು."

ನಾವು ಬೌದ್ಧರು, ಮೊದಲು ಊರು ಮುಟ್ಟಿಸಿಕೊಳ್ಳದ ಜಾತಿಯವರು. ನಾನು ಓದಿದ್ದು ಬೀದರದಾಗ, ಎಲ್ಲರ ಜೋಡಿ ಒಂದೇ ಬೆಂಚಿನ ಮ್ಯಾಲೆ. ಹೋಟೆಲಿನಾಗ ನಮ್ಮವರಿಗಿ ಬ್ಯಾರೆ ಕಪ್ಪು ಇಡ್ತಿದ್ರು ಅಂತ ಭಾಷಣದಾಗ ಕೇಳಿದ್ದೆ. ಅಪ್ಪ ಒಂದಿನಾನೂ ಬಾಯಿ ಬಿಟ್ಟಿದ್ದಿಲ್ಲ. ಅವತ್ತು ಹೇಳಿದ. ಗಿಡದ ಕೆಳಗ ಕಲ್ಲಿನ ಮ್ಯಾಲೆ ಆ ಕಪ್ಪು ಇಡ್ತಿದ್ರು. ನಾವೇ ತೊಳ್ಕೊಂಡು ಹಿಡೀಬೇಕು, ಹೋಟೆಲಿನವ ಮ್ಯಾಲಿಂದ ಸುರಿಯಾಂವ. "ನಮಗ ಅಕ್ಷರ ಬರ್ತಿದ್ದಿಲ್ಲಲ್ಲ, ಅದಕ್ಕ ಬಣ್ಣ" ಅಂದ. ಸಣ್ಣಾಂವಿದ್ದಾಗ ಒಮ್ಮೆ ತಪ್ಪಿ ಬೊಟ್ಟಿಲ್ಲದ ಕಪ್ಪು ಮುಟ್ಟಿದ್ನಂತ. "ನನಗೇನು ಹೊಡೀಲಿಲ್ಲವ್ವಾ. ಹೋಟೆಲಿನವ ಆ ಕಪ್ಪು ನೆಲಕ್ಕ ಅಪ್ಪಳಿಸಿ ಒಡೆದ. ಚೂರೆಲ್ಲ ನಮ್ಮಪ್ಪನ ಕೈಲೆ ಆಯಿಸಿದ. ನಾ ನಿಂತು ನೋಡಿದೆ."

ನನಗ ಎಲ್ಲಿತ್ತೋ ಸಿಟ್ಟು! ಕಪ್ಪಿನ ಡಬ್ಬಿ ಎತ್ತಿ ಅಂಗಳಕ್ಕ ಒಗೀಲಾಕ ಹೋದೆ. ಅಪ್ಪ ಕೈ ಹಿಡಿದ. "ಒಡೆದ್ರ ಬಾಡಿಗಿ ಯಾರು ಕಟ್ತಾರ? ಇಡು ಕೆಳಗ."

ಮೇಡಂಗೆ ಫೋನ್ ಹಚ್ಚಿ ಇದ್ದದ್ದು ಇದ್ದಂಗ ಒದರಿದೆ. ನಾಚಿಕೆಯಿಂದ ಫೋನ್ ಇಡ್ತಾರ ಅಂದ್ಕೊಂಡಿದ್ದೆ. ಇಡಲಿಲ್ಲ. ಸಣ್ಣ ದನಿಯಾಗ, "ಅಯ್ಯೋ, ಕ್ಷಮಿಸಿ. ಇಂಥದ್ದು ಉಳ್ಕೊಳ್ಳಲೇಬೇಕು ಕಣ್ರೀ, ಎಲ್ಲರೂ ನೋಡಬೇಕು. ಜಾಸ್ತಿನೇ ಕೊಡ್ತೀನಿ. ನಿಮ್ಮ ತಂದೆಯವರು ಈ ಕಪ್ಪು ಹಿಡ್ಕೊಂಡಿರೋ ಒಂದು ಫೋಟೋ ಸಿಗುತ್ತಾ? ಇಲ್ಲಾಂದ್ರೆ ಯಾರೂ ನಂಬಲ್ಲ" ಅಂದ್ರು. ಅವರು ಹೇಳಿದ ರೊಕ್ಕದಾಗ ವರ್ಷದ ಬಾಡಿಗಿ ಕಳೀತಿತ್ತು. ಕೆಟ್ಟ ಹೆಣ್ಣುಮಗಳಾಗಿದ್ರ ಬೈದು ಹಗುರಾಗ್ತಿದ್ದೆ. ಆಕಿ ಕೆಟ್ಟಾಕಿ ಅಲ್ಲ. "ಆಗಂಗಿಲ್ರಿ" ಅಂತ ಹೇಳಿ ಫೋನ್ ಇಟ್ಟೆ.

"ಏನಂತ?" ಅಂದ ಅಪ್ಪ. ಹೇಳಿದೆ. ಅಪ್ಪ ಬೆರಳಲೆ ಏನೋ ಲೆಕ್ಕ ಹಾಕಿದ.

"ಅಷ್ಟ್ರಾಗ ಹುಡುಗಿ ಹತ್ತನೇತ್ತೆ ಮುಗೀತದೇನು?"

"ಮುಗೀತದ. ಆದ್ರ ಬ್ಯಾಡಪ್ಪಾ."

"ತೆಗಿ ಫೋಟೋ."

ನಾನು ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ಹಬ್ಬಕ್ಕಂತ ಇಟ್ಟ ಬಿಳೀ ಅಂಗಿ ಹಾಕ್ಕೊಂಡ, ತಲಿ ಬಾಚಿದ, ಗೋಡಿಗೆ ಬೆನ್ನು ಹಚ್ಚಿ ಕುಂತ. ಬೊಟ್ಟು ಕಾಣೋ ಹಂಗ ಕಪ್ಪು ಎದಿ ಮುಂದ ಹಿಡಿದ. ನಾನು ಫೋನ್ ಎತ್ತಿದೆ. ಅಪ್ಪ ನನ್ನ ಕಡಿ ನೋಡಿ ಕೇಳಿದ,

"ನಗಬೇಕೇನವ್ವಾ?"

ಹೂಂ ಅನ್ನಲೋ, ಬ್ಯಾಡ ಅನ್ನಲೋ.  ಸುಮ್ನ ಗುಂಡಿ ಒತ್ತಿದೆ.

ಕಪ್ಪು, ಫೋಟೋ ಬೆಂಗಳೂರಿಗೆ ಹೋದ್ವು, ರೊಕ್ಕ ಬಂತು. ನಾವು ಪುಣೆಗೆ ಹೋಗಲಿಲ್ಲ. ಮಗಳು ಹತ್ತನೇತ್ತೆ ಪಾಸಾದಳು, ಮುಂದ ಓದಿದಳು, ಈಗ ನರ್ಸ್ ಇದ್ದಾಳ. ಖುಷಿ ಪಡಬೇಕು. ಪಡ್ಲಾಕ ಆಗೋದಿಲ್ಲ. ಹಳೇ ಸಾಮಾನಿನ ಧಂದೆ ಆಮ್ಯಾಲ ನನ್ನ ಕೈಲೆ ಆಗಲಿಲ್ಲ. ಯಾವ ತಾಟು ಮಗುಚಿದ್ರೂ ತಳದಾಗ ಏನದ ಅಂತ ನೋಡ್ಲಾಕ ಅಂಜಿಕಿ ಬರ್ತಿತ್ತು.

ಅಪ್ಪ ತೀರ್ಕೊಂಡಾಗ ಗೋಡಿಗೆ ಹಾಕ್ಲಾಕ ಫೋಟೋ ಹುಡುಕಿದ್ವಿ. ಉಳಿದ ಫೋಟೋದಾಗೆಲ್ಲ ಯಾರದೋ ಹಿಂದ ಅರ್ಧ ಮುಖ. ಪೂರ್ತಿ ಮುಖ ಇದ್ದದ್ದು ಅದೊಂದೇ. ಸ್ಟುಡಿಯೋದವ ಕಪ್ಪು ಕಾಣದಂಗ ಭುಜದ ಕೆಳಗಿಂದು ಕತ್ತರಿಸಿ ಕಟ್ಟು ಹಾಕಿ ಕೊಟ್ಟ. ಮನಿಗೆ ಬಂದವರು "ಎಷ್ಟು ಛಲೋ ಬಂದದ! ನಿನಗೇ ಏನೋ ಕೇಳ್ಲಾಕತ್ತಂಗ ಅದ" ಅಂತಾರ. ಹೌದ್ರಿ, ಕೇಳ್ಲಾಕತ್ಯಾನ. ನಾನೇ ಇನ್ನೂ ಏನೂ ಹೇಳಿಲ್ಲ.