ಮುರಿದ ಸೂಜಿಯ ರಿಜಿಸ್ಟರು

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮನುಷ್ಯರಿಗಿಂತ ಸೂಜಿಗೆ ಮರ್ಯಾದೆ ಜಾಸ್ತಿ. ಮಿಷಿನ್ನಿನ ಸೂಜಿ ಮುರಿದರೆ ಇಡೀ ಲೈನು ನಿಲ್ಲಬೇಕು. ಚೂರೆಲ್ಲ ಸಿಗುವವರೆಗೆ ಅಯಸ್ಕಾಂತ ಹಿಡಿದು ನೆಲ ಸವರಬೇಕು. ಸಿಕ್ಕ ಚೂರುಗಳನ್ನು ದಪ್ಪ ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸಿ, ಯಾಕೆ ಮುರಿಯಿತು ಅಂತ ಬರೆದು, ಆ ಮಿಷಿನ್ನಿನವರ ಸಹಿ ತೆಗೆದುಕೊಳ್ಳಬೇಕು. ಮಗುವಿನ ಅಂಗಿಯೊಳಗೆ ಚೂರು ಉಳಿದರೆ ಏನಾಗುತ್ತದೆ ಅಂತ ನನಗೂ ಗೊತ್ತು, ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ನಿಯಮ ಹಿಡಿದುಕೊಂಡು ನಮ್ಮಕ್ಕನ ಜೀವ ತೆಗೆಯಲು ಹೊರಟಿದ್ದವರ ಮೇಲೆ.

ಅಕ್ಕ ಹತ್ತೊಂಬತ್ತು ವರ್ಷದಿಂದ ಅಲ್ಲಿ ಕಾಲರು ಹೊಲಿಯುತ್ತಾಳೆ. ಅವಳ ಹಿಂದಿನ ಮಿಷಿನ್ನಿನಲ್ಲಿ ನಾನು ತೋಳು ಕೂಡಿಸುತ್ತೇನೆ. ತಲೆ ಮೇಲೆ ತಲೆ ಬಿದ್ದರೂ ಎಂಟಕ್ಕೆ ಐದು ನಿಮಿಷವಿರುವಾಗ ಅವಳು ಸ್ಟೂಲಿನ ಮೇಲಿರುತ್ತಾಳೆ, ಅದಕ್ಕೇ ಎಲ್ಲರ ಬಾಯಲ್ಲೂ ಗಡಿಯಾರದಕ್ಕ. ದಿನಾ ಕೊನೇ ಗಳಿಗೆಗೆ ಓಡಿ ಬರುವ ನಾನು ಅವಳ ಒಡಹುಟ್ಟಿದ ತಂಗಿ ಅಂದರೆ ಹೊಸಬರು ನಂಬುವುದಿಲ್ಲ.

ಸಕ್ಕರೆ ಕಾಯಿಲೆ ಅವಳಿಗೆ ಹಳೆಯದು. ಈ ಬೇಸಿಗೆಗೆ ಮಾತ್ರೆ ಸಾಲದೆ ಹೋಯಿತು. ಚಿಕಿತ್ಸಾಲಯದ ನರ್ಸು ಇನ್ಸುಲಿನ್ ಪೆನ್ನು ಕೊಟ್ಟು, ಮೊದಲ ಸಲ ತಾನೇ ಚುಚ್ಚಿ ತೋರಿಸಿದಳು.

"ಇದು ನಿಧಾನಕ್ಕೆ ಕೆಲಸ ಮಾಡೋದು, ದಿನವಿಡೀ ಬರುತ್ತೆ. ದಿನಕ್ಕೊಂದೇ ಸಲ, ಹದಿನಾಲ್ಕು ಯೂನಿಟ್ಟು. ದಿನಾ ಇದೇ ಹೊತ್ತಿಗೆ ತಗೊಳ್ಳಿ. ಬಿಸಿಲು, ಬಿಸಿ ತಾಗಿಸಬೇಡಿ."

ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದು. ನಮ್ಮಕ್ಕನಿಗೆ ಹನ್ನೊಂದು ಅಂದರೆ ಹನ್ನೊಂದೇ. ದಿನಾ ಹನ್ನೊಂದಕ್ಕೆ ನೀವು ಎಲ್ಲಿರುತ್ತೀರಿ, ಏನು ಕೆಲಸ ಅಂತ ಆ ನರ್ಸು ಕೇಳಲಿಲ್ಲ. ಬೆಳಿಗ್ಗೆ ಮನೆಯಲ್ಲೇ ತಗೊಳ್ಳಬಹುದಾ ಅಂತ ಇವಳೂ ಕೇಳಲಿಲ್ಲ.

ಮರುದಿನ ಗೇಟಿನಲ್ಲಿ ಕಾವಲುಗಾರ ಪೆನ್ನು ಕಿತ್ತುಕೊಂಡ. ಹೊರಗಿನ ಸೂಜಿ ಒಳಗೆ ಬರುವಂತಿಲ್ಲ. ಅಕ್ಕ ಚೀಟಿ ತೋರಿಸಿದಳು, ಸೂಪರ್‌ವೈಸರನ್ನು ಕರೆಸಿದಳು. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಪೆನ್ನು ಗೇಟಿನ ತಗಡಿನ ಕೋಣೆಯಲ್ಲಿರುವುದು, ಇವಳು ಹನ್ನೊಂದರ ಟೀ ಬಿಡುವಿನಲ್ಲಿ ಅಲ್ಲಿಗೇ ಹೋಗಿ ಚುಚ್ಚಿಕೊಳ್ಳುವುದು ಅಂತಾಯಿತು.

"ನೆರಳಲ್ಲಿಡಪ್ಪಾ, ಬಿಸಿಯಾದ್ರೆ ಕೆಟ್ಟುಹೋಗುತ್ತೆ," ಅಂದಳು ಅಕ್ಕ.

"ನೆರಳಲ್ಲೇ ಇರುತ್ತಮ್ಮಾ, ನಿಮ್ಮನೇಲೇ ಇದೆ ಅಂದ್ಕೊಳ್ಳಿ," ಅಂದ ಕಾವಲುಗಾರ.

ವಾರ ಕಳೆಯುವುದರೊಳಗೆ ಅವಳ ಬೆಳಗಿನ ಸಕ್ಕರೆ ಏರತೊಡಗಿತು. ನೂರಾ ಎಂಬತ್ತು, ಇನ್ನೂರಾ ನಲವತ್ತು. ಚಿಕಿತ್ಸಾಲಯದ ಡಾಕ್ಟರು ತಲೆ ಎತ್ತದೆ ಹದಿನಾಲ್ಕನ್ನು ಹದಿನೆಂಟು ಮಾಡಿದರು. ಮತ್ತೂ ಏರಿತು, ಇಪ್ಪತ್ತೆರಡು ಮಾಡಿದರು. "ಬಾಯಿ ಕಟ್ಟಿ, ಸಿಹಿ ತಿಂತಿದ್ದೀರಿ," ಅಂತ ಬೈದೂ ಕಳಿಸಿದರು. ಸಿಹಿಯನ್ನು ಕಣ್ಣೆತ್ತಿಯೂ ನೋಡದವಳಿಗೆ ಈ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಇದಕ್ಕೇ. ಪೆನ್ನು ಎಲ್ಲಿಡುತ್ತೀರಿ ಅಂತ ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹದಿನೇಳನೇ ದಿನಕ್ಕೆ ಪೆನ್ನು ಮುಗಿಯಿತು. ಮನೆಯ ಫ್ರಿಜ್ಜಿನಿಂದ ಹೊಸದು ತೆಗೆದಳು. ಡಾಕ್ಟರು ಹೇಳಿದ ಹಾಗೆ ಇಪ್ಪತ್ತೆರಡೇ ಚುಚ್ಚಿಕೊಂಡಳು.

ಹೊಸ ಪೆನ್ನಿನ ಎರಡನೇ ದಿನ, ಹನ್ನೆರಡೂವರೆ. ಮುಂದಿನ ಮಿಷಿನ್ನಿನ ಸದ್ದು ಏರುಪೇರಾಯಿತು. ನೋಡಿದರೆ ಅಕ್ಕನ ಕೈ ನಡುಗುತ್ತಿದೆ, ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ. "ಅಮ್ಮ ಬಂದ್ಲಾ?" ಅಂತ ಕೇಳಿದಳು. ನಮ್ಮಮ್ಮ ತೀರಿಕೊಂಡು ಎಂಟು ವರ್ಷ. ನಾನು ಏಳುವುದರೊಳಗೆ ಸ್ಟೂಲಿನಿಂದ ಜಾರಿದಳು. ಬಟ್ಟೆ ಜಗ್ಗಿ, ಸೂಜಿ ಟಕ್ಕನೆ ಮುರಿಯಿತು.

ಸೂಪರ್‌ವೈಸರು ಓಡಿ ಬಂದ. ಕೈಯಲ್ಲಿದ್ದದ್ದು ನೀರಲ್ಲ, ಅಯಸ್ಕಾಂತ.

"ಯಾರೂ ಕಾಲು ಎತ್ತಬೇಡಿ. ಚೂರು ಎಷ್ಟು ಸಿಕ್ತು?"

ಲೈನಿಗೆ ತಿಂಡಿ ತರುವಂತಿಲ್ಲ, ಬಟ್ಟೆಗೆ ಕಲೆಯಾಗುತ್ತದಂತೆ. ಅದಕ್ಕಾಗಿ ನಮ್ಮ ಏಪ್ರನ್ನಿನ ಜೇಬುಗಳನ್ನೂ ಹೊಲಿದುಬಿಟ್ಟಿದ್ದಾರೆ. ನಾನೂ ಹೊಲಿಗೆಯವಳೇ. ಅಕ್ಕ ಇನ್ಸುಲಿನ್ ಶುರು ಮಾಡಿದ ದಿನವೇ ನನ್ನ ಜೇಬಿನ ನಾಲ್ಕು ಹೊಲಿಗೆ ಬಿಚ್ಚಿ ಸಕ್ಕರೆ ಪೊಟ್ಟಣ ಇಟ್ಟುಕೊಂಡಿದ್ದೆ. ಅವಳಿಗೆ ಇನ್ನೂ ಎಚ್ಚರವಿತ್ತು, ನುಂಗುತ್ತಿದ್ದಳು. ಕೂರಿಸಿ, ಲೋಟದ ನೀರಿನಲ್ಲಿ ಸಕ್ಕರೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ನನ್ನ ಮೊಣಕಾಲಿನ ಪಕ್ಕದಲ್ಲೇ ಅವನು ನೆಲ ಸವರುತ್ತಿದ್ದ. ಕಾಲು ಗಂಟೆ ಕಳೆದ ಮೇಲೆ ಅವಳು ನನ್ನನ್ನು ಗುರುತು ಹಿಡಿದಳು.

ಆಸ್ಪತ್ರೆಗೆ ಕರೆದೊಯ್ಯುವ ಮುಂಚೆ ಪೆನ್ನು ತರಲು ಗೇಟಿಗೆ ಓಡಿದೆ. ಅದು ಕಿಟಕಿಯ ಕಟ್ಟೆಯ ಮೇಲಿತ್ತು. ಹನ್ನೊಂದಕ್ಕೆ ಅಲ್ಲಿ ನೆರಳು, ಅಕ್ಕ ನೋಡಿದ್ದು ಆ ನೆರಳನ್ನು. ಮಧ್ಯಾಹ್ನ ದಾಟಿದರೆ ಸುಡು ಬಿಸಿಲು. ಪೆನ್ನು ಕೈಗೆ ಚುರ್ ಅಂದಿತು.

ದೊಡ್ಡಾಸ್ಪತ್ರೆಯ ವಯಸ್ಸಾದ ಡಾಕ್ಟರಮ್ಮ ನಾನು ಹೇಳಿದ್ದನ್ನೆಲ್ಲ ಕೇಳಿ, ಅದನ್ನು ನೋಡಿ ನಿಟ್ಟುಸಿರುಬಿಟ್ಟರು. "ಹಳೇ ಪೆನ್ನಿನ ಔಷಧ ಬಿಸಿಲಲ್ಲಿ ಸತ್ತುಹೋಗಿತ್ತು ಕಣಮ್ಮಾ. ನೋಡೋಕೆ ನೀರಿನ ಹಾಗೇ ಇರುತ್ತೆ, ಗೊತ್ತಾಗಲ್ಲ. ಸತ್ತ ಔಷಧಕ್ಕೆ ಅಂತ ಏರಿಸಿದ ಲೆಕ್ಕಾನ ಹೊಸ ಔಷಧಕ್ಕೂ ಹಾಕಿದ್ದಾರೆ. ಅದಕ್ಕೇ ಸಕ್ಕರೆ ಒಮ್ಮೆಲೇ ಕುಸಿದುಬಿಟ್ಟಿದೆ." ಆಮೇಲೆ ಕೇಳಿದರು, "ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡ್ತೀರಿ?"

ಹತ್ತೊಂಬತ್ತು ದಿನದಲ್ಲಿ ಅದನ್ನು ಕೇಳಿದ ಮೊದಲ ಮನುಷ್ಯರು ಅವರು. ಅಕ್ಕನ ಕಣ್ಣಲ್ಲಿ ನೀರು ಬಂತು. ಬಿಸಿಲು ತಿಂದ ಪೆನ್ನನ್ನು ಎಸೆಯಲು ಹೇಳಿ, ಯೂನಿಟ್ಟನ್ನು ಹದಿನಾಲ್ಕಕ್ಕಿಳಿಸಿ, ಹೊತ್ತನ್ನು ಬೆಳಿಗ್ಗೆ ಆರೂವರೆಗೆ ಹೇಗೆ ಬದಲಿಸಬೇಕು ಅಂತ ಡಾಕ್ಟರಮ್ಮ ಬರೆದುಕೊಟ್ಟರು.

ನಾಲ್ಕನೇ ದಿನ ಅಕ್ಕ ಕೆಲಸಕ್ಕೆ ಬಂದಳು. ಸೂಪರ್‌ವೈಸರು ರಿಜಿಸ್ಟರು ತಂದು ಮುಂದಿಟ್ಟ. ಮೂರು ಚೂರು ಟೇಪಿನಡಿ ಹೊಳೆಯುತ್ತಿದ್ದವು. ಕಾರಣದ ಕಡೆ "ಕೆಲಸಗಾರಳ ಅಜಾಗರೂಕತೆ" ಅಂತ ಅವನೇ ಬರೆದಿದ್ದ. ಅದರ ಕೆಳಗೆ ಸಹಿ ಬಿದ್ದರೆ ಎಚ್ಚರಿಕೆ ಪತ್ರ, ಇನ್ನೊಂದು ಸಲ ಬಿದ್ದರೆ ಮನೆಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈ ಒತ್ತಿದಳು.

ಅವನ ಬರಹಕ್ಕೆ ನೆಟ್ಟಗೆ ಒಂದು ಗೆರೆ ಎಳೆದಳು. ಕೆಳಗೆ ತನ್ನ ದುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದಳು.

"ಏನಮ್ಮಾ ಇದು? ಈ ಹಾಳೆ ಹರಿದು ಬೇರೆ ಬರೀಬೇಕಾಗುತ್ತೆ," ಅಂದ ಅವನು.

"ಹಾಳೆಗೆ ನಂಬರಿದೆ ಸಾರ್. ಬಟ್ಟೆ ಕೊಳ್ಳೋ ಕಂಪನಿಯೋರು ಬಂದು ಒಂದೊಂದೂ ಎಣಿಸ್ತಾರೆ ಅಂತ ನೀವೇ ಹೇಳಿಕೊಟ್ಟಿದ್ದು," ಅಂದಳು ಅಕ್ಕ, ಸ್ಟೂಲಿನ ಕಡೆ ತಿರುಗುತ್ತಾ.

ನಾನು ಬಗ್ಗಿ ಓದಿದೆ: "ನನ್ನ ಔಷಧವನ್ನು ಗೇಟಿನಲ್ಲಿ ಬಿಸಿಲಿಗಿಟ್ಟರು. ಸೂಜಿಯ ಮೂರು ಚೂರೂ ಸಿಕ್ಕಿವೆ. ಹುಡುಕುವಾಗ ನಾನು ನೆಲದ ಮೇಲೇ ಇದ್ದೆ."