ನನ್ನ ಪೆಟ್ರೋಲು, ಅವಳ ಬಸ್ಸು

ಗೆಳೆಯರೇ, ಇವತ್ತು ನವಲಗುಂದದಲ್ಲಿ ಹೆಂಡತಿಯ ತಂಗಿಯ ಮನೆಯಲ್ಲಿ ಊಟ. ಅಣ್ಣಿಗೇರಿಯ ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುತ್ತ ಹೆಂಡತಿಯ ಮೇಲೆ ಸಿಡುಕಿದೆ: "ಖಜಾನಿ ಖಾಲಿ ಆಗೇತಂತ. ನಿಮ್ಮ ಫ್ರೀ ಬಸ್ ಓಡಸಾಕ ನಮ್ಮ ಪೆಟ್ರೋಲ್ ಮ್ಯಾಲೆ ಟ್ಯಾಕ್ಸ್ ಏರಿಸ್ಯಾರ!"

"ಹಂಗಾರ ನಾ ಬಸ್ಸಿನ್ಯಾಗ ಹೊಕ್ಕೇನ್ರಿ," ಎಂದವಳೇ ಅಲ್ಲಿ ಬಂದು ನಿಂತ ನವಲಗುಂದದ ಬಸ್ ಹತ್ತಿಬಿಟ್ಟಳು.

ಆಮೇಲೆ ನೋಡಿದರೆ, ಆಧಾರ್ ಕಾರ್ಡಿದ್ದ ಅವಳ ಪರ್ಸು ಸ್ಕೂಟರಿನ ಡಿಕ್ಕಿಯಲ್ಲೇ ಇದೆ. ಕಾರ್ಡಿಲ್ಲದೆ ಫ್ರೀ ಟಿಕೆಟ್ ಕೊಡುವುದಿಲ್ಲ. ಹಾರ್ನ್ ಬಾರಿಸುತ್ತ ಬೆನ್ನಟ್ಟಿ, ಮುಂದಿನ ಸ್ಟಾಪಿನಲ್ಲಿ ಕಿಟಕಿಯಿಂದ ಕೊಟ್ಟೆ. ಇಡೀ ಬಸ್ಸು ನಗುತ್ತಿತ್ತು.

"ಸಾವಕಾಶ ಬರ್ರಿ," ಎಂದಳು. "ನಿಮ್ಮ ಗಾಡಿ ಎಷ್ಟ ಪೆಟ್ರೋಲ್ ಕುಡಿತೈತಿ, ನಮ್ಮ ಬಸ್ಸೂ ಅಷ್ಟ ಓಡತೈತಿ."

ಹೋಳಿಗೆ ಉಂಡ ಮೇಲೆ ಸಿಟ್ಟು ಉಳಿಯಲಿಲ್ಲ. ವಾಪಸ್ ಬರುವಾಗಲೂ ಅವಳು ಬಸ್ಸಿನಲ್ಲಿ, ನಾನು ಹಿಂದೆ ಸ್ಕೂಟರಿನಲ್ಲಿ. ಬಸ್ಸು ನಿಲ್ಲಬಾರದಲ್ಲ!